ಬರ್ನ್‌ನ ಕೋಳಿ ಕೂಗುವ ಗಡಿಯಾರ

ಗಂಟೆ ಹೊಡೆಯಲು ಇನ್ನೂ ಮೂರು ನಿಮಿಷದಷ್ಟು ಇತ್ತು. ಅಷ್ಟರಲ್ಲೇ ಕೋಳಿ ಕೂಗಿತು! ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ, ತ್ಸಿಟ್‌ಗ್ಲೊಗ್ಗೆ ಎಂಬ ಗಡಿಯಾರ ಗೋಪುರದ ಕೆಳಗೆ ಕತ್ತೆತ್ತಿ ನಿಂತಿದ್ದೆ. ಮೇಲೆ ಬೊಂಬೆ ವಿದೂಷಕ ಗಂಟೆ ಬಾರಿಸಿದ. ಪುಟ್ಟ ಕರಡಿ ಬೊಂಬೆಗಳು ಸಾಲಾಗಿ ಸುತ್ತು ಹಾಕಿದವು. ಕರಡಿ ಈ ಊರಿನ ಲಾಂಛನ, ಅದಕ್ಕೇ.

13ನೇ ಶತಮಾನದ ಆರಂಭದಲ್ಲಿ ಇದು ಬರೀ ಊರಬಾಗಿಲಿನ ಗೋಪುರ. ಊರು ಬೆಳೆದ ಮೇಲೆ ಹೆಂಗಸರ ಸೆರೆಮನೆಯಾಯಿತು. 1405ರ ಬೆಂಕಿಯಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದಾಗಲೇ ಗಡಿಯಾರ ಬಂದಿದ್ದು.

ನನಗೆ ಜಾಸ್ತಿ ಇಷ್ಟವಾಗಿದ್ದು ಒಳಗಿನ ಯಂತ್ರ. ಕಾಸ್ಪರ್ ಬ್ರುನ್ನರ್ 1530ರಲ್ಲಿ ಮಾಡಿದ್ದು. ಆಳೆತ್ತರದ ಕಬ್ಬಿಣದ ಚೌಕಟ್ಟು, ಹಲ್ಲುಚಕ್ರಗಳು, ಹಗ್ಗದಲ್ಲಿ ತೂಗುವ ಭಾರ. ಇವತ್ತಿಗೂ ದಿನಾ ಒಬ್ಬರು ಮೆಟ್ಟಿಲು ಹತ್ತಿ ಕೈಯಲ್ಲೇ ಕೀಲಿ ಕೊಡಬೇಕು. ಎಷ್ಟು ತಲೆಮಾರುಗಳ ಕೈ ಅಲ್ವಾ?

ಆ ಕೂಗು ಇನ್ನೊಮ್ಮೆ ಕೇಳಲು ಮುಂದಿನ ಗಂಟೆವರೆಗೂ ಅಲ್ಲೇ ಕಾದೆ.