ರೋಗಿ ಒಬ್ಬರೇ, ಬಾಬ್ತು ಮಾತ್ರ ಹಲವು

ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತ ಒಬ್ಬರಿಗೇ ಬಿಪಿ, ಶುಗರ್, ಎರಡು ವಾರದ ಕೆಮ್ಮು ಮೂರೂ ಇರುವುದು ಮಾಮೂಲು. ಆದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಜಿಲ್ಲೆಗೆ ಬರುವುದು ಬೇರೆ ಬೇರೆ ಬಾಬ್ತಿನಲ್ಲಿ: ತಾಯಿ-ಮಕ್ಕಳದು ಒಂದು, ಕ್ಷಯ-ಮಲೇರಿಯಾದ್ದು ಇನ್ನೊಂದು, ಬಿಪಿ, ಶುಗರ್‌ನಂಥ ಅಸಾಂಕ್ರಾಮಿಕ ರೋಗಗಳದು ಮತ್ತೊಂದು. ಕೇಂದ್ರ ಸರ್ಕಾರ ಶೇ. 60, ರಾಜ್ಯ ಶೇ. 40 ಹಾಕುತ್ತವೆ. ಒಂದು ಬಾಬ್ತಿನಲ್ಲಿ ಉಳಿದ ಹಣವನ್ನು ಜಿಲ್ಲೆ ತಾನಾಗಿಯೇ ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಹೀಗಿರುವಾಗ ಜಿಲ್ಲಾ ಸಭೆಯಲ್ಲಿ ಎಷ್ಟೇ ಸಲ ‘ಸಮಗ್ರ ಚಿಕಿತ್ಸೆ’ ಎಂದರೂ ಅದು ನಡಾವಳಿ ಪುಸ್ತಕ ದಾಟುವುದಿಲ್ಲ.

ಸುಧಾರಣೆ ಶುರುವಾಗಬೇಕಾದದ್ದು ಔಷಧಿ ಇಂಡೆಂಟಿನಿಂದ, ಅಂದರೆ ಕೇಂದ್ರ ಕಳಿಸುವ ಔಷಧಿ ಬೇಡಿಕೆ ಪಟ್ಟಿಯಿಂದ. ಒಂದು ಕೇಂದ್ರದಲ್ಲಿ 600 ಬಿಪಿ ರೋಗಿಗಳು ನೋಂದಣಿಯಾಗಿದ್ದಾರೆ ಎನ್ನಿ. ದಿನಕ್ಕೊಂದು ಬಿಪಿ ಮಾತ್ರೆ ಅಮ್ಲೋಡಿಪಿನ್ ಎಂದರೆ ತಿಂಗಳಿಗೆ 18,000 ಮಾತ್ರೆ, ವರ್ಷಕ್ಕೆ 2,19,000. ಅದರ ಮೇಲೆ ಕೊರತೆ ಬಾರದಂತೆ ಮೂರು ತಿಂಗಳ ಕಾಪು ದಾಸ್ತಾನು, ಹೊಸದಾಗಿ ಪತ್ತೆಯಾಗುವವರ ಪಾಲು. ಲೆಕ್ಕ ಇಷ್ಟು ಸರಳ. ತಪ್ಪುವುದು ಎಲ್ಲಿ ಎಂದರೆ, ಬಹಳ ಕಡೆ ಇಂಡೆಂಟನ್ನು ರೋಗಿಗಳ ರಿಜಿಸ್ಟರಿನಿಂದ ಬರೆಯದೆ ಕಳೆದ ವರ್ಷ ವಿತರಿಸಿದ ಲೆಕ್ಕದಿಂದ ಬರೆಯುತ್ತಾರೆ. ಕಳೆದ ವರ್ಷ ನಾಲ್ಕು ತಿಂಗಳು ಮಾತ್ರೆಯೇ ಇರಲಿಲ್ಲವಾದರೆ ವಿತರಣೆ ಕಡಿಮೆ ಕಾಣುತ್ತದೆ, ಈ ವರ್ಷದ ಬೇಡಿಕೆಯೂ ಕುಗ್ಗುತ್ತದೆ, ಮತ್ತೆ ಕೊರತೆ. ಕೊರತೆ ಬಂತೆಂದರೆ 30 ದಿನದ ಮಾತ್ರೆ ಕೊಡುವ ಕಡೆ ಒಂದು ವಾರದ್ದು ಕೊಟ್ಟು ಕಳಿಸುತ್ತಾರೆ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ತಿಂಗಳಿಗೆ ನಾಲ್ಕು ಸಲ ಯಾರು ಬಂದಾರು? ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ರೋಗಿಯ ಉದಾಸೀನ ಎಂದು ಬರೆದುಕೊಳ್ಳುವುದು ಅನ್ಯಾಯ.

ಇನ್ನು ಅನ್‌ಟೈಡ್ ಫಂಡ್, ಅಂದರೆ ಇಂಥದ್ದೇ ಬಾಬ್ತಿಗೆ ಎಂದು ಕಟ್ಟಿಹಾಕದ ಹಣ. ಅಭಿಯಾನದ ಮಾನದಂಡದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿರ್ವಹಣೆ, ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಪಾಲು ಎಲ್ಲ ಸೇರಿ ವರ್ಷಕ್ಕೆ 1,75,000 ರೂಪಾಯಿ. ಬಯಲು ಸೀಮೆಯಲ್ಲಿ ಒಂದು ಕೇಂದ್ರಕ್ಕೆ 30,000 ಜನ. ತಲೆಗೆ ಆರು ರೂಪಾಯಿಯೂ ಬೀಳುವುದಿಲ್ಲ. ಆದರೂ ಸ್ಥಳೀಯವಾಗಿ ತೀರ್ಮಾನಿಸಿ ಖರ್ಚು ಮಾಡಬಹುದಾದ ಹಣ ಇದೇ, ಹಾಗಾಗಿ ಇದರ ಬೆಲೆ ದೊಡ್ಡದು. ಮುಗಿದುಹೋದ ಶುಗರ್ ಸ್ಟ್ರಿಪ್, ಕೆಟ್ಟ ಬಿಪಿ ಮಾಪಕ, ಕಫದ ಮಾದರಿ ಸಾಗಿಸುವ ಖರ್ಚು ಇದರಿಂದ ತೂಗಿಸಬೇಕು. ಸುಣ್ಣಬಣ್ಣ, ಫ್ಲೆಕ್ಸ್‌ಗೆ ಅಲ್ಲ. ಸಮಿತಿಯ ಸಭೆ ಏಪ್ರಿಲ್‌ನಲ್ಲೇ ಸೇರಿ ತಿಂಗಳವಾರು ಖರ್ಚಿನ ಪಟ್ಟಿಗೆ ಒಪ್ಪಿಗೆ ಕೊಟ್ಟರೆ ಮಾರ್ಚ್ ಕೊನೆಯಲ್ಲಿ ಬಿಲ್ಲುಗಳ ರಾಶಿ ಬೀಳುವುದಿಲ್ಲ.

2021ರಿಂದ ಬಂದ ಏಕ ನೋಡಲ್ ಖಾತೆ ಪದ್ಧತಿಯಲ್ಲಿ, ಅಂದರೆ ಯೋಜನೆಯ ಹಣವೆಲ್ಲ ರಾಜ್ಯ ಮಟ್ಟದ ಒಂದೇ ಖಾತೆಯಲ್ಲಿರುವ ಪದ್ಧತಿಯಲ್ಲಿ, ಆರೋಗ್ಯ ಕೇಂದ್ರದ ಖಾತೆ ಶೂನ್ಯ ಬಾಕಿಯದು. ಹಣ ಅಲ್ಲಿ ಕೂರುವುದಿಲ್ಲ, ಮೇಲಿಂದ ನಿಗದಿಯಾದ ಮಿತಿಯೊಳಗೆ ಪಾವತಿ ಮಾಡಬೇಕು. ಯಾರ ಮಿತಿ ಖರ್ಚಾಗದೆ ಉಳಿದಿದೆ ಎಂಬುದು ಈಗ ತಕ್ಷಣ ಕಾಣುತ್ತದೆ, ಅದು ಒಳ್ಳೆಯದೇ. ಆದರೆ ಮಿತಿ ಬರುವುದು ತಡವಾದರೆ ಊರಿನ ಅಂಗಡಿಯವರು ಸಾಲಕ್ಕೆ ಸಾಮಾನು ಕೊಡುವುದನ್ನು ನಿಲ್ಲಿಸುತ್ತಾರೆ. ತಿಂಗಳ ಮೊದಲ ವಾರದಲ್ಲೇ ಪ್ರತಿ ಕೇಂದ್ರದ ಮಿತಿ, ಖರ್ಚು, ಬಾಕಿ ಬಿಲ್ಲು ಒಂದೇ ಹಾಳೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಒ) ಮೇಜಿಗೆ ಬರಬೇಕು. ಅದರ ಪಕ್ಕದಲ್ಲೇ ಅಮ್ಲೋಡಿಪಿನ್, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ದಿನಕ್ಕೆ ಸಾಲುತ್ತದೆ ಎಂಬ ಅಂಕಣವೂ ಇರಬೇಕು. 30 ದಿನಕ್ಕಿಂತ ಕಡಿಮೆ ಇರುವ ಕೇಂದ್ರಕ್ಕೆ, ಹೆಚ್ಚಿರುವ ಪಕ್ಕದ ಕೇಂದ್ರದಿಂದ ಅದೇ ವಾರ ಸಾಗಿಸಲು ಆದೇಶ ಹೊರಡಬೇಕು.