‘ಸೈಡ್ ಔಟ್’ ನೋಡಿ ನಗುವವರ ಜೊತೆ ನನ್ನ ತಕರಾರು

ಬೀಚ್ ವಾಲಿಬಾಲನ್ನೇ ನಡುವಿಗಿಟ್ಟುಕೊಂಡು ಹಾಲಿವುಡ್ಡಿನವರು ಮಾಡಿದ ಸಿನಿಮಾಗಳು ಬಹಳ ಕಡಿಮೆ. ಇರುವವುಗಳಲ್ಲಿ ಹೆಸರು ಹೇಳುವಂಥದ್ದು 1990ರ ‘ಸೈಡ್ ಔಟ್’. ಥಿಯೇಟರಿನಲ್ಲಿ ಓಡಲಿಲ್ಲ. ಈಗ ಹುಡುಕಿ ನೋಡುವವರಲ್ಲೂ ಹೆಚ್ಚಿನವರು ನಗುತ್ತಾರೆ. ಇತ್ತೀಚೆಗೆ ನಮ್ಮ ಟೀಮಿನ ಹುಡುಗರನ್ನು ಕೂರಿಸಿ ತೋರಿಸಿದೆ. ಅವರೂ ನಕ್ಕರು. ಆ ನಗುವಿನ ಬಗ್ಗೆ ಒಂದಿಷ್ಟು ಹೇಳಲೇಬೇಕು ಅನ್ನಿಸಿತು.

ಕಥೆ ಇಷ್ಟೇ. ಮನ್ರೋ ಕ್ಲಾರ್ಕ್ ಎಂಬ ಕಾನೂನು ವಿದ್ಯಾರ್ಥಿ ಲಾಸ್ ಏಂಜಲೀಸಿಗೆ ಬರುತ್ತಾನೆ. ಅಲ್ಲಿ ಅಂಕಲ್ ಮ್ಯಾಕ್ಸ್ ಪರವಾಗಿ, ಬಾಡಿಗೆ ಕೊಡದವರನ್ನು ಮನೆ ಬಿಡಿಸುವುದೇ ಅವನ ಕೆಲಸ. ನೋಟಿಸ್ ಹಿಡಿದುಕೊಂಡು ಹೋದ ಹುಡುಗನಿಗೆ ಸಿಗುವವನು ಜಾಕ್ ಬಾರ್ನ್ಸ್. ಒಂದು ಕಾಲದಲ್ಲಿ ಕಡಲತೀರಕ್ಕೇ ರಾಜನಾಗಿದ್ದವ, ಈಗ ಆಟವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಅವನೇ ಇವನಿಗೆ ಗುರುವಾಗುತ್ತಾನೆ, ಕೊನೆಗೆ ಜೊತೆಗಾರನೂ ಆಗುತ್ತಾನೆ. ನಡುವೆ ಒಂದು ಪ್ರೀತಿ, ಒಂದಷ್ಟು ಹಾಡು, ಮರಳಲ್ಲಿ ಬೆವರು ಸುರಿಸುವ ತಾಲೀಮು, ಕೊನೆಗೆ ಫೈನಲ್. “ಎಂತ ಕಥೆ ಮಾರಾಯ ಇದು, ಮೊದಲ ಹತ್ತು ನಿಮಿಷದಲ್ಲೇ ಫೈನಲ್ ಯಾರು ಗೆಲ್ತಾರೆ ಅಂತ ಗೊತ್ತಾಗ್ತದೆ” ಅಂದ ನನ್ನ ಹಳೆಯ ಜೊತೆಗಾರ. ಅವನ ಮಾತು ಸರಿ. ಸಂಭಾಷಣೆಯೂ ಸಪ್ಪೆ. ಕಥೆಯ ವಿಷಯದಲ್ಲಿ ನಗುವವರ ಜೊತೆ ನನಗೆ ಜಗಳ ಇಲ್ಲ.

ಜಗಳ ಇರುವುದು ಆಟದ ವಿಷಯದಲ್ಲಿ.

ನಮ್ಮ ಟೀಮಿನ ಚಿಕ್ಕ ಹುಡುಗ ಒಬ್ಬ ನಡುವೆಯೇ ಕೇಳಿದ: “ಅಣ್ಣಾ, ಇವರಿಗೆ ಸ್ಕೋರ್ ಬೋರ್ಡ್ ಬದಲಿಸ್ಲಿಕ್ಕೆ ಮರೆತೇ ಹೋಯ್ತಾ? ಅಷ್ಟೊಳ್ಳೆ ಸ್ಮ್ಯಾಶ್ ಹೊಡೆದ್ರೂ ಪಾಯಿಂಟ್ ಇಲ್ಲ!” ಹೊಸ ಕಾಲದ ಪ್ರೇಕ್ಷಕರಿಗೆಲ್ಲ ಇದು ಸಿನಿಮಾದವರ ತಪ್ಪಿನಂತೆಯೇ ಕಾಣಬಹುದು. ತಪ್ಪಲ್ಲ. ಆಗ ಸರ್ವಿಸ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಪಾಯಿಂಟ್. ಎದುರಿನವರು ರ್‍ಯಾಲಿ (ಒಂದು ಸರ್ವಿಸಿನಿಂದ ಚೆಂಡು ಬೀಳುವವರೆಗಿನ ಆಟ) ಗೆದ್ದರೆ ಸಿಗುತ್ತಿದ್ದದ್ದು ಸರ್ವಿಸ್ ಅಷ್ಟೇ. ಅದಕ್ಕೇ ಸೈಡ್ ಔಟ್ ಅನ್ನುತ್ತಿದ್ದರು, ಸಿನಿಮಾಕ್ಕೂ ಅದೇ ಹೆಸರು. ನಮ್ಮೂರ ಹೊನಲು ಬೆಳಕಿನ ಪಂದ್ಯಾಟಗಳಲ್ಲೂ ಆಗ ಹೀಗೇ ಆಡುತ್ತಿದ್ದೆವು. 13-13 ಆದಮೇಲೆ ಸರ್ವಿಸ್ ಅತ್ತಿಂದಿತ್ತ ಓಡಾಡುತ್ತ ಇರುತ್ತಿತ್ತು, ಬೋರ್ಡ್ ಮಾತ್ರ ಕದಲುತ್ತಿರಲಿಲ್ಲ, ನೋಡುವವರು ಕೂತಲ್ಲಿಂದ ಏಳುತ್ತಿರಲಿಲ್ಲ. ಬೀಚ್ ವಾಲಿಬಾಲಿನಲ್ಲಿ ಅಂತಾರಾಷ್ಟ್ರೀಯ ಫೆಡರೇಶನ್ 2001ರ ಹೊತ್ತಿಗೆ ಆ ಪದ್ಧತಿ ಬಿಟ್ಟು, ಪ್ರತಿ ರ್‍ಯಾಲಿಗೂ ಪಾಯಿಂಟ್ ಕೊಡುವ 21 ಪಾಯಿಂಟಿನ ಸೆಟ್ ತಂದಿತು. ಅದೇ ಸುಮಾರಿಗೆ ಅಂಕಣವೂ 9 ಮೀಟರ್ ಅಗಲದಿಂದ 8 ಮೀಟರಿಗೆ ಇಳಿಯಿತು. ಟಿವಿಗೆ ಅನುಕೂಲವಾಯಿತು, ಒಪ್ಪುತ್ತೇನೆ. ಆದರೆ ಒಂದು ಪಾಯಿಂಟಿಗಾಗಿ ಇಬ್ಬರೇ ಇಬ್ಬರು, ಬದಲಿ ಆಟಗಾರರೂ ಇಲ್ಲದೆ, ಸುಡುವ ಮರಳಲ್ಲಿ ದೊಡ್ಡ ಅಂಕಣ ಕಾಯುವ ಆ ದಣಿವು ಹೊರಟುಹೋಯಿತು. ಅದನ್ನು ಕಥಾಚಿತ್ರದಲ್ಲಿ ನೋಡಬೇಕೆಂದರೆ ಈ ‘ಸಪ್ಪೆ’ ಸಿನಿಮಾಕ್ಕೇ ಬರಬೇಕು.

ಇನ್ನೊಂದು, ಎದುರಾಳಿಗಳು. ಫೈನಲ್‌ನಲ್ಲಿ ನಾಯಕನ ಎದುರು ಆಡುವವರು ನಟರಲ್ಲ. ಸಿಂಜಿನ್ ಸ್ಮಿತ್ ಮತ್ತು ರ್‍ಯಾಂಡಿ ಸ್ಟೋಕ್ಲಾಸ್! 1987ರಲ್ಲಿ ರಿಯೊದ ಇಪನೇಮಾ ತೀರದಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಕೂಟ ಗೆದ್ದ ಜೋಡಿ ಅದು, ಒಟ್ಟಿಗೆ ಆಡಿ ನೂರಕ್ಕೂ ಹೆಚ್ಚು ಟೂರ್ನಿ ಗೆದ್ದವರು. ಹುಡುಗರಿಗೆ ಹೇಳಿದೆ, ನಾಯಕನನ್ನು ಬಿಡಿ, ಇವರ ಕಾಲು ನೋಡಿ. ಪಾಸ್ ಮೇಲೇಳುವ ಮೊದಲೇ ಲಿಫ್ಟ್ ಕೊಡುವವನು (ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವವನು) ಹೊರಟಾಗಿರುತ್ತದೆ. ಮರಳಲ್ಲಿ ಹಿಮ್ಮಡಿ ಊರಿದರೆ ಕಾಲು ಹೂತುಹೋಗುತ್ತದೆ, ಮರದ ಅಂಕಣದಲ್ಲಿ ಎರಡು ಹೆಜ್ಜೆಗೆ ಸಿಗುವ ಚೆಂಡು ಇಲ್ಲಿ ಮೂರು ಹೆಜ್ಜೆ ಕೇಳುತ್ತದೆ. ನಾನು ಕಾಲೇಜಿನಲ್ಲಿ ಲಿಫ್ಟರ್ ಆಗಿದ್ದವನು, ಸಿನಿಮಾದಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಸರ್ವಿಸಿಗೆ ಮುಂಚೆ ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ತೋರಿಸುತ್ತಾನಲ್ಲ, ಒಂದು ಬೆರಳಾದರೆ ಗೆರೆಯುದ್ದಕ್ಕೆ ಬರುವ ನೇರ ಹೊಡೆತಕ್ಕೆ ಬ್ಲಾಕ್ (ನೆಟ್ ಮೇಲೆ ಕೈಯೆತ್ತಿ ತಡೆಯುವುದು), ಎರಡಾದರೆ ಅಡ್ಡ ಹೊಡೆತಕ್ಕೆ. ಅಷ್ಟು ಹೇಳಿದ ಮೇಲೆ ಹುಡುಗರ ನಗು ನಿಂತಿತು. ರಿಮೋಟ್ ಕಸಿದುಕೊಂಡು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದರು.

ಆಟ ಬಲ್ಲವರಿಗೆ ಒಪ್ಪಿಗೆಯಾಗದೇ ಇರುವುದು ಕೊನೆಯ ಭಾಗ. ತಾಲೀಮು ಶುರು ಮಾಡಿ ಸ್ವಲ್ಪವೇ ಸಮಯ ಆದ ಹುಡುಗ, ಆಟ ಬಿಟ್ಟು ಕೂತಿದ್ದ ಗುರು, ಇಬ್ಬರೂ ಸೇರಿ ಸ್ಮಿತ್–ಸ್ಟೋಕ್ಲಾಸ್ ಜೋಡಿಯನ್ನು ಸೋಲಿಸುವುದೆಂದರೆ! ಈ ಆಕ್ಷೇಪ ನನ್ನದೂ ಹೌದು. ಆದರೂ ತಮ್ಮ ಆಟದ ಉತ್ತುಂಗದಲ್ಲಿದ್ದ ಇಬ್ಬರು, ನಟರ ಕೈಯಲ್ಲಿ ಸೋಲುವ ಪಾತ್ರ ಒಪ್ಪಿಕೊಂಡು, ಸೋಲುವಾಗಲೂ ಸಲೀಸಾಗಿ ಬಿಟ್ಟುಕೊಡದಂತೆ ಆಡಿದ್ದಾರೆ. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದೇ ಇದರಿಂದ.

ನಿಜವಾದ ಸೋಲು ಬೇಕಾದವರಿಗೆ 1996 ಇದೆ. ಬೀಚ್ ವಾಲಿಬಾಲ್ ಒಲಿಂಪಿಕ್ಸಿಗೆ ಬಂದ ಮೊದಲ ವರ್ಷ, ಅಟ್ಲಾಂಟಾ. 39ರ ಸ್ಮಿತ್, ಜೊತೆಗೆ ಕಾರ್ಲ್ ಹೆಂಕೆಲ್. ಎದುರಿಗೆ ಕಾರ್ಚ್ ಕಿರಾಯ್ ಮತ್ತು ಕೆಂಟ್ ಸ್ಟೆಫೆಸ್. 17-15ಕ್ಕೆ ಗೆದ್ದ ಕಿರಾಯ್ ಜೋಡಿ ಮುಂದೆ ಚಿನ್ನವನ್ನೂ ಗೆದ್ದಿತು. ಅದೂ ಸರ್ವಿಸ್ ಇದ್ದವರಿಗೇ ಪಾಯಿಂಟ್ ಸಿಗುವ ಪದ್ಧತಿಯ ಪಂದ್ಯ. ಹುಡುಗರು ಈಗ ಅದನ್ನು ತೋರಿಸಿ ಅಂತ ಬೆನ್ನು ಬಿದ್ದಿದ್ದಾರೆ. ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ಹಾಕುತ್ತೇನೆ. ‘ಸೈಡ್ ಔಟ್’ ನೋಡಿ ನಕ್ಕವರು ಹತ್ತಿರದಲ್ಲಿದ್ದರೆ ನೀವೂ ಬನ್ನಿ.