ಮನೆಮಂದಿಗೆಲ್ಲ ಟೋಪಿ

17 ನವೆಂಬರ್ 2024, ಭಾನುವಾರ

ಅಪ್ಪನ ಟೋಪಿ ಇಂದು ಮುಗಿಯಿತು. ಮುಗಿಯಿತು ಎಂದರೆ ಕಡ್ಡಿಯಿಂದ ಇಳಿಯಿತು, ಅಷ್ಟೇ. ಒಳಗೆ ಜೋತಾಡುವ ಎಳೆಗಳನ್ನು ದಪ್ಪ ಸೂಜಿಯಿಂದ ಸೇರಿಸಿ ಮರೆಮಾಡಬೇಕು, ನೆನೆಸಬೇಕು, ಒಣಗಿಸಬೇಕು. ಆದರೆ ನೆತ್ತಿ ಮುಚ್ಚಿತೆಂದರೆ ಹೆಣಿಗೆ ಮುಗಿದಂತೆಯೇ. ಉಳಿದದ್ದೆಲ್ಲ ಚಾಕರಿ.

ಟೋಪಿಯಲ್ಲಿ ನನಗೆ ಅತಿ ಇಷ್ಟವಾದ ಭಾಗವೇ ಈ ನೆತ್ತಿ. ಅಲ್ಲಿಯವರೆಗೂ ಅದು ಬರೀ ಕೊಳವೆ. ಸೀದಾ, ಸೀದಾ, ಸೀದಾ ಎಂದು ಕೈ ತಾನಾಗಿಯೇ ಸುತ್ತು ಹಾಕುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಹದಿನಾರು ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಲೆಕ್ಕ ಶುರುವಾಗುತ್ತದೆ. ಅಪ್ಪನ ಟೋಪಿಯ ಒಂದು ಸುತ್ತಿಗೆ 96 ಕುಣಿಕೆ. ಎಂಟು ಪಾಲು ಮಾಡಿದರೆ ಪಾಲಿಗೆ 12. ಪ್ರತಿ ಪಾಲಿನ ಕೊನೆಯ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆದರೆ 11 ಉಳಿಯುತ್ತವೆ, ಇದೇ ಕಡಿತ. ಮುಂದಿನ ಸುತ್ತು ಏನನ್ನೂ ಕಡಿಯದೆ ಸುಮ್ಮನೆ ಹೆಣೆಯಬೇಕು. ಮತ್ತೆ ಕಡಿತ, 10. ಅರ್ಧ ದಾರಿಯವರೆಗೆ ಹೀಗೆ ಒಂದು ಸುತ್ತು ಬಿಟ್ಟು ಒಂದು ಸುತ್ತು. ಆಮೇಲೆ ಪ್ರತಿ ಸುತ್ತಿಗೂ ಕಡಿತ. ಮೊದಲಿನಿಂದಲೇ ಆತುರಪಟ್ಟು ಪ್ರತಿ ಸುತ್ತಿಗೂ ಕಡಿದರೆ ನೆತ್ತಿ ಸುಕ್ಕುಗಟ್ಟುತ್ತದೆ. ತೀರಾ ನಿಧಾನಿಸಿದರೆ ಮೊನಚಾಗಿ ಎದ್ದು ನಿಲ್ಲುತ್ತದೆ. ಮಕ್ಕಳಿಗೆ ಅದು ಚೆಂದ, ಅಪ್ಪನ ವಯಸ್ಸಿನವರಿಗಲ್ಲ.

ಕುಣಿಕೆಗಳು ಕಡಿಮೆಯಾಗುತ್ತ ಬಂದಾಗ 40 ಸೆಂಟಿಮೀಟರಿನ ದುಂಡು ಕಡ್ಡಿಯ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ಸುತ್ತಳತೆಗೆ ಅವು ಎಟುಕುವುದಿಲ್ಲ. ಆಗ ಎರಡೂ ತುದಿ ಚೂಪಾಗಿರುವ ಪುಟ್ಟ ಕಡ್ಡಿಗಳಿಗೆ ಹಂಚಿಕೊಳ್ಳಬೇಕು. ನಾಲ್ಕು ಕಡ್ಡಿ ನಾಲ್ಕು ದಿಕ್ಕಿಗೆ ಚಾಚಿಕೊಂಡಿರುತ್ತವೆ, ಐದನೆಯದು ಕೈಯಲ್ಲಿ. ನೋಡುವವರು ಇದೇ ಟೋಪಿಯ ಅತಿ ಕಷ್ಟದ ಕೆಲಸ ಎಂದುಕೊಳ್ಳುತ್ತಾರೆ. ನಾನೂ ಅವರ ನಂಬಿಕೆಯನ್ನು ಕೆಡಿಸಲು ಹೋಗುವುದಿಲ್ಲ. ಕೊನೆಗೆ ಎಂಟೇ ಕುಣಿಕೆ ಉಳಿದಾಗ ದಾರವನ್ನು ಕತ್ತರಿಸಿ, ಸೂಜಿಗೆ ಪೋಣಿಸಿ, ಎಂಟರೊಳಗೂ ತೂರಿಸಿ ಎಳೆಯಬೇಕು. ತೂತು ತಟ್ಟನೆ ಮುಚ್ಚಿಕೊಳ್ಳುತ್ತದೆ. ಕಡಿತದ ಎಂಟು ಗೆರೆಗಳು ಒಂದೇ ಕಡೆಗೆ ವಾಲುತ್ತ ಬಂದು ಸುಳಿಯಾಗಿ ಕೂಡುತ್ತವೆ. ತಲೆಯ ಸುಳಿಯ ಮೇಲೆ ಸರಿಯಾಗಿ ಟೋಪಿಯ ಸುಳಿ. ಅಪ್ಪನಿಗೆ ಕೂದಲಿನ ಸುಳಿ ಈಗ ಉಳಿದಿಲ್ಲ, ಇದಾದರೂ ಇರಲಿ.

ಮಧ್ಯಾಹ್ನ ಫೋನಿನಲ್ಲಿ ಹೇಳಿದೆ. ಅಪ್ಪ ತಮ್ಮ ಎಂದಿನ ವಾದ ತೆಗೆದರು: "ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ, ಗೊತ್ತಾ? ಟೋಪಿ ಇದ್ದರೆ ಸ್ವೆಟರ್ ಬೇಡ." ಇದನ್ನು ಬಹಳ ಜನ ನಂಬಿದ್ದಾರೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂತಹ ನಂಬಿಕೆಗಳ ಬಗ್ಗೆಯೇ ಒಂದು ಲೇಖನ ಬಂದಿತ್ತು, ಅದರಲ್ಲಿ ಇದೂ ಇತ್ತು. ದೊಡ್ಡವರ ಮೈಚರ್ಮದಲ್ಲಿ ತಲೆಯ ಪಾಲು ಸುಮಾರು ಹತ್ತರಲ್ಲಿ ಒಂದು. ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಅಪ್ಪನಿಗೆ ಹೇಳಿದೆ. "ಹಾಗಾದರೆ ನಿನ್ನ ಟೋಪಿ ಏಕೆ?" ಎಂದರು. ಸ್ವೆಟರಿನ ಮೇಲೆ ಹಾಕಿಕೊಳ್ಳುವುದಕ್ಕೆ, ಅಪ್ಪ.

ಅಪ್ಪನಿಗೆ ಟೋಪಿ ಎಂದರೆ ಇಷ್ಟ, ಚುಚ್ಚಿದರೆ ಮಾತ್ರ ಆಗದು. ಚುಚ್ಚುವುದು ಉಣ್ಣೆಯ ಗುಣ ಎಂದು ಸಾರಾಸಗಟಾಗಿ ದೂರುವುದು ಅನ್ಯಾಯ. ಎಳೆ ದಪ್ಪವಾದಷ್ಟೂ ಅದರ ತುದಿ ಬಾಗದೆ ಚರ್ಮಕ್ಕೆ ತಿವಿಯುತ್ತದೆ. 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಾಟಿದ ಎಳೆಗಳು ದಾರದಲ್ಲಿ ಸ್ವಲ್ಪವೇ ಬೆರೆತಿದ್ದರೂ ಸಾಕು, ಹಣೆ ತುರಿಸುತ್ತದೆ. ಮೆರಿನೊ ತಳಿಯ ಕುರಿಯ ಎಳೆ ಇದಕ್ಕಿಂತ ಬಹಳ ತೆಳು. ಅಂಗಡಿಯಲ್ಲಿ ಎಲ್ಲರೂ ಉಂಡೆಯನ್ನು ಅಂಗೈಯಲ್ಲಿ ಹಿಸುಕಿ ನೋಡುತ್ತಾರೆ. ಅಂಗೈಗೆ ಏನು ತಿಳಿಯುತ್ತದೆ? ಕುತ್ತಿಗೆಗೆ ಒತ್ತಿ ಒಂದು ನಿಮಿಷ ಹಿಡಿಯಬೇಕು. ಅಕ್ಕಪಕ್ಕದವರು ನೋಡಿದರೆ ನೋಡಲಿ.

ಟೋಪಿ ಉಡುಗೊರೆ ಕೊಡುವವರು ಮೊದಲು ಕೇಳಬೇಕಾದದ್ದು "ಯಾವ ಬಣ್ಣ ಇಷ್ಟ?" ಎಂದಲ್ಲ. ತಲೆ ಎಷ್ಟು, ಅದನ್ನು ಒಗೆಯುವವರು ಯಾರು, ಹೇಗೆ ಒಗೆಯುತ್ತಾರೆ ಎಂಬುದನ್ನು. ಪ್ರೀತಿಯಿಂದ ಹೆಣೆದದ್ದು ಎಂಬ ಮಾತು ನನಗೆ ಈಚೆಗೆ ಅಷ್ಟು ಸೇರುವುದಿಲ್ಲ. ಪ್ರೀತಿ ಇದ್ದೇ ಇರುತ್ತದೆ, ಅಳತೆ ಇರುತ್ತದೆಯೇ ಎಂಬುದು ಪ್ರಶ್ನೆ. ಟೋಪಿ ತಲೆಯಷ್ಟೇ ಅಗಲ ಇದ್ದರೆ ಕಣ್ಣಿನ ಮೇಲೆ ಜಾರುತ್ತದೆ. ತಲೆಯ ಸುತ್ತಳತೆಗಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ ಇದ್ದು, ಹಿಗ್ಗಿ ಕೂರಬೇಕು. ಅಪ್ಪನ ತಲೆ 58. ನಾನು ತೆಗೆದುಕೊಂಡ ದಾರದಲ್ಲಿ ಹತ್ತು ಸೆಂಟಿಮೀಟರಿಗೆ 18 ಕುಣಿಕೆ ಬರುತ್ತದೆ, ಆದ್ದರಿಂದ 96 ಕುಣಿಕೆಗೆ 53 ಚಿಲ್ಲರೆ. ಕೆಳಗಿನ ಪಟ್ಟಿಯನ್ನು ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ (ಹಿಮ್ಮುಖವಾಗಿ) ಹೆಣೆದರೆ ಹಿಗ್ಗುವ ಕೆಲಸ ಅದೇ ನೋಡಿಕೊಳ್ಳುತ್ತದೆ.

ಗುಟ್ಟಾಗಿ ಕೊಡಬೇಕೆಂದರೆ ಅಳತೆ ತೆಗೆಯುವುದು ಹೇಗೆ? ನಮ್ಮ ಯಜಮಾನರ ತಲೆಯ ಅಳತೆ ನನಗೆ ಸಿಕ್ಕಿದ್ದು ಅವರ ಹೆಲ್ಮೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ. ಸೆಂಟಿಮೀಟರಿನಲ್ಲೇ ಬರೆದಿರುತ್ತದೆ. ಇಷ್ಟು ಸುಲಭದ ದಾರಿ ಇರುವಾಗ ಮಲಗಿದವರ ತಲೆಗೆ ಟೇಪು ಸುತ್ತುವ ಸಾಹಸ ಏಕೆ?

ಅಪ್ಪನದಕ್ಕಿಂತ ಮೊದಲು ಮುಗಿದದ್ದು ಚಿಕ್ಕಮ್ಮನದು. ಅದನ್ನು ಇಲ್ಲಿ ಬರೆದಿರಲಿಲ್ಲ. ಚಿಕಿತ್ಸೆ ಶುರುವಾಗಿ ಕೂದಲು ಉದುರುತ್ತಿದ್ದಂತೆ ಅವರೇ ಫೋನ್ ಮಾಡಿ, ಏನೂ ಆಗದವರಂತೆ ಆರ್ಡರ್ ಕೊಟ್ಟರು: "ಉಣ್ಣೆ ಬೇಡ ಕಣೇ. ಗಂಟು ಇರಬಾರದು. ಆ ತಿಳಿ ಗುಲಾಬಿ, ತಿಳಿ ನೀಲಿ ಎಲ್ಲ ತರಬೇಡ, ರೋಗಿಯ ಹಾಗೆ ಕಾಣುತ್ತೇನೆ." ಕಡು ನೇರಳೆ ಹತ್ತಿಯ ದಾರ ತಂದೆ.

ಈ ಟೋಪಿಯ ನಿಯಮಗಳೇ ಬೇರೆ. ಕೂದಲಿಲ್ಲದ ತಲೆಯ ಚರ್ಮಕ್ಕೆ ಒಂದು ಸಣ್ಣ ಗಂಟೂ ಕಲ್ಲಿನಂತೆ ಒತ್ತುತ್ತದೆ. ದುಂಡಾಗಿ ಹೆಣೆದದ್ದರಿಂದ ಪಕ್ಕದ ಹೊಲಿಗೆ ತಪ್ಪಿತು. ಹೊಸ ಉಂಡೆ ಸೇರಿಸುವಾಗ ಗಂಟು ಹಾಕದೆ, ಹಳೆಯ ಎಳೆಯನ್ನೂ ಹೊಸ ಎಳೆಯನ್ನೂ ಬಿಡಿಸಿ ಅರ್ಧರ್ಧ ತೆಳು ಮಾಡಿ, ಜೊತೆಗೆ ಹಿಡಿದು ಒಂದಷ್ಟು ಕುಣಿಕೆ ಹೆಣೆದೆ. ಕೂದಲಿಲ್ಲದಾಗ ತಲೆಯ ಅಳತೆಯೂ ಮೊದಲಿಗಿಂತ ಕಡಿಮೆಯಾಗುತ್ತದೆ, ಹಳೆಯ ಟೋಪಿಯ ಅಳತೆ ನಡೆಯುವುದಿಲ್ಲ. ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವ ಬುದ್ಧಿ ಇಲ್ಲ. ಸಡಿಲವಾದದ್ದು ಸಡಿಲವಾಗಿಯೇ ಉಳಿಯುತ್ತದೆ. ಬಿಗಿ ಮಾಡಿದರೆ ಹಣೆಯ ಮೇಲೆ ಗೆರೆ ಬೀಳುತ್ತದೆ. ಕತ್ತಿನ ಹಿಂಭಾಗ, ಕಿವಿಯ ಮೇಲ್ಭಾಗ ಎರಡೂ ಮುಚ್ಚಬೇಕು, ಏಕೆಂದರೆ ಕೂದಲು ಇಲ್ಲ ಎನ್ನುವುದು ಮೊದಲು ಗೊತ್ತಾಗುವುದು ಅಲ್ಲೇ. ಆದ್ದರಿಂದ ಮಾಮೂಲಿಗಿಂತ ಎರಡು ಬೆರಳು ಹೆಚ್ಚು ಉದ್ದ ಹೆಣೆದೆ. ತೂತು ತೂತಿನ ವಿನ್ಯಾಸ ಖಂಡಿತ ಇಲ್ಲ.

ಚಿಕ್ಕಮ್ಮ ಹಾಕಿಕೊಂಡು ಕಳಿಸಿದ ಫೋಟೋದಲ್ಲಿ ಟೋಪಿಗಿಂತ ಅವರ ಕಿವಿಯ ದೊಡ್ಡ ಓಲೆಗಳೇ ಎದ್ದು ಕಂಡವು. ಜೊತೆಗೆ ಒಂದೇ ಸಾಲು: "ಇನ್ನೊಂದು, ಕೆಂಪು." ಕೆಂಪು ಹತ್ತಿ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಯೇ ಎಂದು ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ನೆನೆಸಿಟ್ಟಿದ್ದೇನೆ.

ತಮ್ಮನ ಮಗುವಿನ ಕುಲಾವಿಯ ವಿಷಯದಲ್ಲಿ ಎಲ್ಲರೂ ಸಲಹೆಗಾರರೇ. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂಟಿಮೀಟರ್. ವರ್ಷ ತುಂಬುವ ಹೊತ್ತಿಗೆ 45-46 ಆಗಿಬಿಡುತ್ತದೆ. ಈಗಿನ ಅಳತೆಗೆ ಹೆಣೆದರೆ ಅಂಚೆ ತಲುಪುವುದರೊಳಗೆ ಚಿಕ್ಕದಾಗಿರುತ್ತದೆ ಎಂದು ಆರು ತಿಂಗಳಿಗೆ ಸಲ್ಲುವಂತೆ ಹಾಕಿದೆ. ನಮ್ಮ ಅಮ್ಮನಿಗೆ ಎರಡು ಕಡೆ ದಾರ ಇಳಿಬಿಟ್ಟು ಗಲ್ಲದ ಕೆಳಗೆ ಕಟ್ಟಬೇಕು, ತುದಿಗೆ ಉಣ್ಣೆಯ ಚೆಂಡು ಬೇಕು, ಮುಂದೆ ಗುಂಡಿ ಬೇಕು. ಮೂರನ್ನೂ ಬಿಟ್ಟೆ. ದಾರ ಕತ್ತಿಗೆ ಸುತ್ತಿಕೊಳ್ಳಬಹುದು, ಚೆಂಡು ಮತ್ತು ಗುಂಡಿ ನೇರ ಬಾಯಿಗೆ. ಇನ್ನೊಂದು ಮಾತನ್ನು ತಮ್ಮನಿಗೆ ಬರೆದು ಕಳಿಸಿದೆ: ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಬೇಕು. ಮಗುವಿನ ಮೈಯಲ್ಲಿ ತಲೆಯ ಪಾಲು ಐದರಲ್ಲಿ ಒಂದರಷ್ಟು. ಮೈಯಲ್ಲಿ ಹೆಚ್ಚಾದ ಶಾಖ ಹೊರಹೋಗುವ ದಾರಿಯೂ ಅದೇ. ನಿದ್ದೆಯಲ್ಲಿ ಮೈ ಅತಿಯಾಗಿ ಬಿಸಿಯಾಗುವುದು ಎಳೆಮಕ್ಕಳಿಗೆ ಅಪಾಯ ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಅಪ್ಪನ ಶಾಖದ ಸಿದ್ಧಾಂತ ಇಲ್ಲಿ ಸ್ವಲ್ಪ ಮಟ್ಟಿಗೆ ನಿಜ ಎಂಬುದನ್ನು ಮಾತ್ರ ಅಪ್ಪನಿಗೆ ಹೇಳಿಲ್ಲ.

ಕುಲಾವಿಯ ದಾರ ಯಂತ್ರದಲ್ಲಿ ಒಗೆಯಬಹುದಾದದ್ದು. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಪೊರೆಗಳಿರುತ್ತವೆ. ಬಿಸಿ ನೀರು, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಟೋಪಿ ಗಟ್ಟಿ ಹಲಗೆಯಾಗುತ್ತದೆ, ಮತ್ತೆ ಬಿಡಿಸಲಾಗದು. ಸೂಪರ್‌ವಾಶ್ ಎಂದು ಬರೆದ ಉಣ್ಣೆಯಲ್ಲಿ ಈ ಪೊರೆಗಳನ್ನು ಸವೆಸಿಯೋ ಅಂಟಿನಿಂದ ಮುಚ್ಚಿಯೋ ಇರುತ್ತಾರೆ. ರಾತ್ರಿಯೆಲ್ಲ ಎದ್ದಿರುವ ಬಾಣಂತಿಯ ಕೈಗೆ "ತಣ್ಣೀರಿನಲ್ಲಿ ಮೃದುವಾಗಿ ಕೈಯಲ್ಲೇ ಒಗೆಯಿರಿ" ಎಂಬ ಚೀಟಿಯ ಜೊತೆ ಉಡುಗೊರೆ ಕೊಡುವುದು ಕ್ರೌರ್ಯ.

ಅಮ್ಮನಿಗೆ ಈ ಸಲ ಟೋಪಿ ಇಲ್ಲ. ಕೊಟ್ಟದ್ದನ್ನೆಲ್ಲ ಮಡಚಿ ಬೀರುವಿನಲ್ಲಿ ಇಟ್ಟಿದ್ದಾರೆ. "ಅಷ್ಟು ಚೆನ್ನಾಗಿದೆ, ಹಾಕಿ ಹಾಳು ಮಾಡಲೇ?" ಎನ್ನುತ್ತಾರೆ. ಉಣ್ಣೆ ಹಾಳಾಗುವುದು ಬೀರುವಿನಲ್ಲೇ. ನುಸಿಯ ಹುಳುವಿಗೆ ಬೇಕಾದದ್ದು ಕತ್ತಲೆ, ಯಾರೂ ಕದಲಿಸದ ಜಾಗ. ಅಮ್ಮ ಎರಡನ್ನೂ ಒದಗಿಸಿದ್ದಾರೆ. ಬೆಳಿಗ್ಗೆ ಇದನ್ನು ಹೇಳಿದ್ದಕ್ಕೆ ಎಲ್ಲವನ್ನೂ ಹೊರತೆಗೆದು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಒಳಗಿಟ್ಟರಂತೆ.

ಟೋಪಿ ಹಾಕಿಕೊಳ್ಳಿ ಎಂದು ಹೇಳಿ ಯಾರನ್ನೂ ಗೆಲ್ಲಲಾಗುವುದಿಲ್ಲ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1571ರಲ್ಲಿ, ಆರು ವರ್ಷ ದಾಟಿದವರು ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೋಪಿ ಹಾಕಲೇಬೇಕು ಎಂದು ಕಾನೂನು ಬಂತು. ಸಿರಿವಂತ ಕುಲದವರಿಗೆ ರಿಯಾಯಿತಿ, ಉಳಿದವರಿಗೆ ದಂಡ. ಟೋಪಿ ಮಾಡುವವರ ಹೊಟ್ಟೆಪಾಡು ಉಳಿಸಲು ಮಾಡಿದ ಉಪಾಯ. ಜನ ಕೇಳಬೇಕಲ್ಲ? 1597ರಲ್ಲಿ ಕಾನೂನನ್ನೇ ತೆಗೆದುಹಾಕಿದರು. ರಾಣಿಯ ಕೈಯಲ್ಲೇ ಆಗದ್ದು ಅಮ್ಮನ ಮುಂದೆ ನನ್ನ ಕೈಯಲ್ಲಿ ಆದೀತೇ?

ಮಗ ಕಡ್ಡಿ ಹಿಡಿಯಲು ಬಂದಿದ್ದಾನೆ. ಅವನ ಗೆಳೆಯ ಇದು ಹುಡುಗಿಯರ ಕೆಲಸ ಎಂದನಂತೆ. ಪೆರುವಿನ ಟಿಟಿಕಾಕಾ ಸರೋವರದಲ್ಲಿ ತಾಕಿಲೆ ಎಂಬ ದ್ವೀಪವಿದೆ. ಅಲ್ಲಿ ಟೋಪಿ ಹೆಣೆಯುವವರು ಗಂಡಸರು, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಮದುವೆಯಾದವನೋ ಆಗದವನೋ ಎಂಬುದು ಟೋಪಿಯ ಬಣ್ಣದಲ್ಲೇ ತಿಳಿಯುತ್ತದೆ. ಆ ನೇಯ್ಗೆ ಮತ್ತು ಹೆಣಿಗೆ ಯುನೆಸ್ಕೋದ ಪಟ್ಟಿಯಲ್ಲೂ ಇದೆ. ಫೋಟೋ ತೋರಿಸಿದೆ. ಮಗನಿಗೆ ಯುನೆಸ್ಕೋ ಬೇಕಾಗಿಲ್ಲ, ಆ ಟೋಪಿಯ ಉದ್ದ ಬಾಲ ಬೇಕಂತೆ. ಸದ್ಯಕ್ಕೆ ಹತ್ತು ಕುಣಿಕೆಯ ಒಂದು ಪಟ್ಟಿ ಹೆಣೆಯುತ್ತಿದ್ದಾನೆ. ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಾನೆಂದರೆ ಕಡ್ಡಿ ಕುಣಿಕೆಯಿಂದ ಹೊರಬರುವಾಗ ಕೀರಲು ಸದ್ದು ಬರುತ್ತದೆ. ನಾನೇನೂ ಹೇಳುತ್ತಿಲ್ಲ. ಕೈ ಸಡಿಲವಾಗಲು ಕೈಗೇ ಹೊತ್ತು ಬೇಕು.

ಇನ್ನು ನನ್ನದು. ಇಷ್ಟು ವರ್ಷ ನನ್ನ ಟೋಪಿಗಳೆಲ್ಲ ಉಳಿದ ಉಂಡೆಗಳಿಂದ ಆದದ್ದು: ಪಟ್ಟಿ ಅಪ್ಪನ ಬೂದು, ನಡು ತಮ್ಮನ ನೀಲಿ, ನೆತ್ತಿ ಏನು ಸಿಕ್ಕಿತೋ ಅದು. ನೋಡಿದವರು "ವರ್ಣರಂಜಿತ" ಎಂದು ಹೊಗಳುತ್ತಿದ್ದರು. ಈ ಸಲ ನನಗೆಂದೇ ದಾರ ತಂದಿದ್ದೇನೆ. ಸಾಸಿವೆ ಹಳದಿ, ಮೆರಿನೊ, ಎರಡು ಉಂಡೆ, ಎರಡರ ಚೀಟಿಯ ಮೇಲೂ ಒಂದೇ ಡೈ ಲಾಟ್ (ಒಂದೇ ಸಲ ಬಣ್ಣ ಹಾಕಿದ ಕಂತು) ಸಂಖ್ಯೆ. ಬೇರೆ ಬೇರೆಯಾದರೆ ಅಂಗಡಿಯ ದೀಪದಲ್ಲಿ ಒಂದೇ ಎನಿಸಿದ ಹಳದಿ ಬಿಸಿಲಿನಲ್ಲಿ ಎರಡಾಗುತ್ತದೆ. ಬೇರೆಯವರ ಟೋಪಿಗೆ ಮಾಡುವಂತೆಯೇ ಮೊದಲು ಅಂಗೈ ಅಗಲದ ಮಾದರಿ ತುಂಡು ಹೆಣೆದೆ, ನೆನೆಸಿದೆ, ಒಣಗಿಸಿದೆ, ಆಮೇಲೆ ಅಳೆದೆ. ಒಗೆಯುವ ಮೊದಲು ಹತ್ತು ಸೆಂಟಿಮೀಟರಿಗೆ 22 ಇದ್ದದ್ದು ಒಗೆದ ಮೇಲೆ 21. ತಲೆ 57. ನಾಲ್ಕು ಕಳೆದರೆ 53, ಕುಣಿಕೆ 111. ನೆತ್ತಿಗಾಗಿ ಎಂಟರಿಂದಲೂ ಪಟ್ಟಿಗಾಗಿ ನಾಲ್ಕರಿಂದಲೂ ಭಾಗವಾಗಬೇಕು, ಆದ್ದರಿಂದ 112.

ಕುಣಿಕೆ ಹಾಕುತ್ತಿದ್ದಾಗ ಯಜಮಾನರು ಬಂದು "ಬಣ್ಣ ಚೆನ್ನಾಗಿದೆ, ಯಾರಿಗೆ?" ಎಂದರು. ಹೇಳಿದೆ. "ನಿನ್ನ ಹತ್ತಿರ ಇದೆಯಲ್ಲ?" ಎಂದರು. ಅವರ ಹತ್ತಿರವೂ ಇದೆ, ಆದರೂ ಹೆಲ್ಮೆಟ್ಟಿನ ಚೀಟಿ ನೋಡಿದವಳು ನಾನು. ಅವರ ಪಾಲಿನ ಕಡು ಹಸಿರು ದಾರ ಡ್ರಾಯರಿನ ತಳದಲ್ಲಿ ಇದೆ, ಸರದಿಯಲ್ಲಿ ನನ್ನ ನಂತರ. ಚಿಕ್ಕಮ್ಮನ ಕೆಂಪು ಮಾತ್ರ ನಡುವೆ ನುಗ್ಗಬಹುದು. ಅವರಿಗೆ ಸರದಿ ಇಲ್ಲ.

ಪಟ್ಟಿಯ ಆರು ಸುತ್ತು ಆಗಿದೆ. ಅಂಚನ್ನು ಮಡಚಿ ಹಾಕಿಕೊಳ್ಳುವಂತೆ ಉದ್ದ ಬಿಡಲೋ, ಒಂದೇ ಪದರ ಸಾಕೋ ಎಂದು ಇನ್ನೂ ತೀರ್ಮಾನಿಸಿಲ್ಲ. ಮಡಚಿದರೆ ಕಿವಿ ಬೆಚ್ಚಗಿರುತ್ತದೆ, ಎರಡನೆಯ ಉಂಡೆಯೂ ಪೂರ್ತಿ ಹಿಡಿಸುತ್ತದೆ. ಹಿಡಿಸಲಿ, ಈ ಸಲ ಯಾರಿಗೂ ಉಳಿಸಬೇಕಾಗಿಲ್ಲ.